ನಿಮಗಿದು ಗೊತ್ತೆ? ಗಂಡಸರಲ್ಲೂ ಹೊಟ್ಟೆಯ ಸ್ನಾಯು ಬೇರ್ಪಡುತ್ತದೆ!

ಎದೆಗೂಡಿನಿಂದ ಕಿಬ್ಬೊಟ್ಟೆಯವರೆಗೆ ಎರಡು ಉದ್ದನೆಯ ಸ್ನಾಯುಗಳು ಅಕ್ಕಪಕ್ಕ ಇಳಿದಿರುತ್ತವೆ. ಇವುಗಳನ್ನು ನಡುವೆ ಬೆಸೆದಿರುವುದು ‘ಲೀನಿಯಾ ಆಲ್ಬಾ’ ಎಂಬ ಬಿಳಿ ನಾರಿನ ಪಟ್ಟಿ. ಅದು ಹಿಗ್ಗಿ, ತೆಳುವಾಗಿ ಸ್ನಾಯುಗಳು ದೂರ ಸರಿದರೆ ಅದೇ ‘ಡಯಾಸ್ಟಾಸಿಸ್ ರೆಕ್ಟೈ’. ಸಾಮಾನ್ಯವಾಗಿ ಅಂತರ 2 ಸೆಂ.ಮೀ. ದಾಟಿದರೆ ವೈದ್ಯರು ಹೀಗೆ ಗುರುತಿಸುತ್ತಾರೆ.

ಗರ್ಭಿಣಿಯರಲ್ಲಿ ಬೆಳೆಯುವ ಗರ್ಭಕೋಶದ ಒತ್ತಡ ಮತ್ತು ಹಾರ್ಮೋನುಗಳು ಸೇರಿ ಈ ಪಟ್ಟಿಯನ್ನು ಸಡಿಲಿಸುತ್ತವೆ. ನಾರ್ವೆಯಲ್ಲಿ 300 ಚೊಚ್ಚಲ ತಾಯಂದಿರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆರಿಗೆಯಾದ 6 ವಾರಕ್ಕೆ ಶೇ 60ರಷ್ಟು ಮಂದಿಯಲ್ಲಿ ಇದು ಕಂಡುಬಂದಿತ್ತು. ವರ್ಷ ತುಂಬುವ ಹೊತ್ತಿಗೆ ಆ ಪ್ರಮಾಣ ಸುಮಾರು ಶೇ 33ಕ್ಕೆ ಇಳಿದಿತ್ತು.

ಗಂಡಸರಲ್ಲಿ ಹೊಟ್ಟೆಯ ಬೊಜ್ಜು, ವಯಸ್ಸು, ಪದೇ ಪದೇ ಭಾರ ಎತ್ತುವ ಒತ್ತಡ ಕಾರಣವಾಗಬಹುದು. ಅಂಗಾತ ಮಲಗಿ ತಲೆ ಎತ್ತಿದಾಗ ಹೊಟ್ಟೆಯ ನಡುವೆ ಉದ್ದಕ್ಕೆ ದಿಬ್ಬದಂತೆ ಉಬ್ಬುವುದು ಇದರ ಗುರುತು.

ಇದು ಹರ್ನಿಯಾ ಅಲ್ಲ. ಪಟ್ಟಿ ಹಿಗ್ಗಿರುತ್ತದೆ, ತೂತಾಗಿರುವುದಿಲ್ಲ.

ಫಿಸಿಯೋಥೆರಪಿಸ್ಟ್ ಮಾರ್ಗದರ್ಶನದಲ್ಲಿ ಹೊಟ್ಟೆಯ ಒಳಪದರದ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವೇ ಮೊದಲ ಚಿಕಿತ್ಸೆ. ಬೊಜ್ಜಿದ್ದವರು ತೂಕವನ್ನೂ ಇಳಿಸಬೇಕು. ಅಂತರ ದೊಡ್ಡದಿದ್ದು ತೊಂದರೆ ಮುಂದುವರಿದರೆ, ಸಡಿಲಗೊಂಡ ಪಟ್ಟಿಯನ್ನು ಮಡಿಸಿ ಹೊಲಿದು ಸ್ನಾಯುಗಳನ್ನು ಹತ್ತಿರ ತರುವ ಶಸ್ತ್ರಚಿಕಿತ್ಸೆಯಿದೆ. ಆದರೆ ಹೊಕ್ಕುಳ ಬಳಿ ನೋಯುವ ಗಂಟು ಕಂಡರೆ ಅದು ಹರ್ನಿಯಾ ಇರಬಹುದು, ತಡಮಾಡದೆ ವೈದ್ಯರಿಗೆ ತೋರಿಸಬೇಕು.