ನಾಲೆಯ ನೀರಿನಲ್ಲಿ ಅಡಗಿದ ಬೆಳಕು

ಆಣೆಕಟ್ಟಿನಿಂದ ಹೊರಟ ನಾಲೆ ಒಂದೇ ಸಮನಾಗಿ ಇಳಿಯುವುದಿಲ್ಲ. ನೆಲ ಕಡಿದಾದೆಡೆ ನೀರು ರಭಸದಿಂದ ಹರಿದು ದಂಡೆಯನ್ನು ಕೊರೆಯದಂತೆ ಅಲ್ಲಲ್ಲಿ ಕಲ್ಲಿನ ಮೆಟ್ಟಿಲು ಕಟ್ಟಿ, ನೀರನ್ನು ಧುಮುಕಿಸಿ, ಅದರ ಕಸುವನ್ನು ಅಲ್ಲಿಯೇ ಅಡಗಿಸುತ್ತಾರೆ. ಹೀಗೆ ವ್ಯರ್ಥವಾಗುವ ಕಸುವೇ ವಿದ್ಯುತ್ತಾಗಬಲ್ಲುದು. ಸೆಕೆಂಡಿಗೆ 10 ಘನ ಮೀಟರ್ ನೀರು 5 ಮೀಟರ್ ಎತ್ತರದಿಂದ ಬಿದ್ದರೆ, ಯಂತ್ರದಲ್ಲಾಗುವ ನಷ್ಟವನ್ನು ಕಳೆದರೂ ಸುಮಾರು 400 ಕಿಲೋವಾಟ್ ದೊರೆಯುತ್ತದೆ. ಹೊಸ ಆಣೆಕಟ್ಟು ಬೇಡ, ಊರು ಮುಳುಗದು. ಚಕ್ರವನ್ನು ತಿರುಗಿಸಿದ ನೀರು ಮತ್ತೆ ನಾಲೆಗೇ ಸೇರುತ್ತದೆ. ತುಂಗಭದ್ರೆಯ ಕಾಲುವೆಯ ನೀರಿನಿಂದ ಹಂಪಿಯ ವಿದ್ಯುದಾಗಾರ ನಡೆಯುವುದನ್ನು ನಮ್ಮವರು ಕಂಡೇ ಇದ್ದಾರೆ.

ಇಷ್ಟು ಸುಲಭವಾದ ಕೆಲಸಕ್ಕೆ ಅಡ್ಡಿ ಏನು? ಅಮೆರಿಕದ ಅನುಭವ ಇದಕ್ಕೆ ಉತ್ತರ ಹೇಳುತ್ತದೆ. ಅಲ್ಲಿಯ ಅಡ್ಡಿ ನೀರಿನದಲ್ಲ, ಕಾಗದದ್ದು. ಜಲವಿದ್ಯುತ್ತಿಗೆ ಕೇಂದ್ರದ ಪರವಾನಗಿ ಬೇಕೆಂಬ ವಿಧಿ 1920ರ ಕಾಯಿದೆಯಷ್ಟು ಹಳೆಯದು. ನದಿಗೆ ಅಡ್ಡಲಾಗಿ ಕಟ್ಟುವ ದೊಡ್ಡ ಯೋಜನೆಗೆ ಅಂಥ ವಿಚಾರಣೆ ನ್ಯಾಯವೇ. ಆದರೆ ಆಗಲೇ ಹರಿಯುತ್ತಿರುವ ನಾಲೆಯಲ್ಲಿ ಪುಟ್ಟ ಚಕ್ರ ಕೂಡಿಸುವವನೂ ಅರ್ಜಿ, ವರದಿ, ಸಮಾಲೋಚನೆಗಳ ದಾರಿಯನ್ನು ತುಳಿಯಬೇಕಾಗಿತ್ತು. ಆ ವೆಚ್ಚ ಯಂತ್ರದ ಬೆಲೆಯನ್ನೇ ಮೀರುವುದೆಂಬ ದೂರಿತ್ತು. ಆನೆಗೆ ಆನೆಭಾರ, ಇರುವೆಗೆ ಇರುವೆಭಾರ ಎನ್ನುತ್ತದೆ ನಮ್ಮ ಗಾದೆ. ಅಲ್ಲಿ ಇರುವೆಯ ಬೆನ್ನಿಗೆ ಆನೆಯ ಭಾರ ಬಿದ್ದಿತ್ತು.

2013ರಲ್ಲಿ ಕೆಳಮನೆಯ 422 ಸದಸ್ಯರು, ಒಂದು ಮತವೂ ವಿರೋಧವಿಲ್ಲದೆ, ಈ ಭಾರವನ್ನು ಇಳಿಸಲು ಒಪ್ಪಿದರು. ಆಗಸ್ಟ್ 9ರಂದು ಅಧ್ಯಕ್ಷರ ಸಹಿಯಾಯಿತು. ಕೇಂದ್ರ ಸರ್ಕಾರದ ಒಡೆತನದಲ್ಲಿಲ್ಲದ ನಾಲೆ, ಕೊಳವೆಗಳ ಮೇಲಿನ 5 ಮೆಗಾವಾಟ್‌ವರೆಗಿನ ಯಂತ್ರಗಳಿಗೆ ಪರವಾನಗಿ ಬೇಡವಾಯಿತು. ಉದ್ದೇಶವನ್ನು ತಿಳಿಸಿದರೆ ಸಾಕು. ಅರ್ಹತೆ ಕಂಡುಬಂದರೆ ಆಯೋಗ ಪ್ರಕಟಣೆ ಹೊರಡಿಸಿ, 45 ದಿನ ಸಾರ್ವಜನಿಕರ ಆಕ್ಷೇಪಕ್ಕೆ ಕಾಯುತ್ತಿತ್ತು. 2018ರ ತಿದ್ದುಪಡಿ ಮಿತಿಯನ್ನು 40 ಮೆಗಾವಾಟಿಗೆ ಏರಿಸಿ, ಅವಧಿಯನ್ನು 30 ದಿನಕ್ಕೆ ಇಳಿಸಿತು.

ಇಲ್ಲಿ ಒಂದು ಎಚ್ಚರ ಬೇಕು. ಕಟ್ಟು ಸಡಿಲಿಸುವುದೆಂದರೆ ಕಾವಲು ತೆಗೆಯುವುದಲ್ಲ. ವಿದ್ಯುತ್ತಿಗೆ ಬೆಲೆ ಬರುವ ಹೊತ್ತೇ ಬೇರೆ, ಪೈರಿಗೆ ಬಾಯಾರುವ ಹೊತ್ತೇ ಬೇರೆ. ಲಾಭದ ಆಸೆಯಿಂದ ನೀರಿನ ಸರದಿ ತಪ್ಪಿದರೆ ಮೊದಲು ಒಣಗುವುದು ನಾಲೆಯ ಕೊನೆಯಲ್ಲಿರುವವನ ಗದ್ದೆ. ಆದ್ದರಿಂದಲೇ ಬೇಸಾಯಕ್ಕೋ ಕುಡಿಯಲಿಕ್ಕೋ ಕೈಗಾರಿಕೆಗೋ ನೀರೊಯ್ಯುವುದು ಮುಖ್ಯವಾಗಿರುವ, ವಿದ್ಯುತ್ತು ಅಮುಖ್ಯವಾಗಿರುವ ನಾಲೆಗಳಿಗೆ ಮಾತ್ರ ಆ ಕಾಯಿದೆ ರಿಯಾಯಿತಿ ಕೊಟ್ಟಿದೆ.

ಯಾವ ನಾಡಿಗಾದರೂ ಒಪ್ಪುವ ನೀತಿ ಇದು: ಅಪಾಯ ಸಣ್ಣದಾದಲ್ಲಿ ಕಾಗದವೂ ಸಣ್ಣದಾಗಲಿ, ಆದರೆ ಪೈರಿಗೆ ನೀರು ಹರಿಯುವಾಗ ಚಕ್ರ ತಿರುಗಲಿ, ನಿಂತಾಗ ಚಕ್ರವೂ ನಿಲ್ಲಲಿ.