ದುಡಿಮೆಗಾರನನ್ನು ಅಳೆಯುವ ಕೋಲು



ನಮ್ಮಲ್ಲಿ ಅನೇಕರ ಮನೆಗಳ ನೆಲಕ್ಕೆ ಶಹಾಬಾದಿನ ಹಾಸುಗಲ್ಲನ್ನು ಹಾಸಿರುವುದುಂಟು. ಆ ಕಲ್ಲನ್ನು ಚದರ ಅಡಿಯ ಲೆಕ್ಕದಲ್ಲಿ ಅಳೆದು ಕೊಳ್ಳುತ್ತೇವೆ. ಅಳತೆಯ ಕೋಲು ಒಂದೇ, ಕಲ್ಲು ಕದಲದು. ಆದುದರಿಂದ ಜಗಳಕ್ಕೆ ಎಡೆಯಿಲ್ಲ. ಆದರೆ ಆ ಕಲ್ಲನ್ನು ಎಬ್ಬಿಸಿದ ಮನುಷ್ಯನನ್ನು ಅಳೆಯುವುದು ಹೇಗೆ? ಇವನು ಜಾಣ ಕೆಲಸಗಾರ, ಅವನು ಮೈಗಳ್ಳ ಎಂದು ನಿರ್ಣಯಿಸಲು ಯಾವ ಕೋಲುಂಟು? ಔದ್ಯೋಗಿಕ ಮನಶ್ಶಾಸ್ತ್ರವು ಈ ಪ್ರಶ್ನೆಯನ್ನು ಎತ್ತಿಕೊಂಡಿರುವುದು. ಉತ್ತರವು ತಪ್ಪಿದರೆ ಒಬ್ಬನ ಅನ್ನ ತಪ್ಪುವುದರಿಂದ, ಇದು ಪಂಡಿತರಿಗೆ ಮಾತ್ರ ಸೇರಿದ ವಿಷಯವಲ್ಲ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಕಲ್ಲುಗಣಿಯೊಂದರಲ್ಲಿ ಇಬ್ಬರು ದುಡಿಯುತ್ತಾರೆ. ಸಂಜೆಯ ಲೆಕ್ಕದಲ್ಲಿ ಮೊದಲನೆಯವನ ಕಲ್ಲು ಎರಡನೆಯವನದಕ್ಕಿಂತ ಒಂದೂವರೆಯಷ್ಟು ಹೆಚ್ಚು. ಗುಮಾಸ್ತನ ಪುಸ್ತಕದಲ್ಲಿ ಮೊದಲನೆಯವನು ಶ್ರೇಷ್ಠ. ಆದರೆ ಮೊದಲನೆಯವನ ಪಾಲಿಗೆ ಬಂದ ಪದರ ತೆಳುವಾಗಿ ಸುಲಭವಾಗಿ ಏಳತಕ್ಕದ್ದು. ಎರಡನೆಯವನ ಪಾಲಿಗೆ ಬಂದದ್ದು ಬಿರುಕುಬಿಟ್ಟ ಒರಟು ಪದರ. ಹಾಗಾದರೆ ನಾವು ಅಳೆದದ್ದು ಮನುಷ್ಯನನ್ನೋ, ಬಂಡೆಯನ್ನೋ? ಅಳತೆಯು ಯಾವುದನ್ನು ಅಳೆಯುವೆನೆಂದು ಹೇಳಿಕೊಳ್ಳುವುದೋ ಅದನ್ನೇ ಅಳೆಯಬೇಕು. ಈ ಗುಣಕ್ಕೆ ಸಪ್ರಮಾಣತೆಯೆಂದು ಹೆಸರು. ಒಂದೇ ವಸ್ತುವನ್ನು ಇಂದು ಅಳೆದರೂ ನಾಳೆ ಅಳೆದರೂ ಹೆಚ್ಚುಕಡಮೆ ಒಂದೇ ಉತ್ತರ ಬರುವ ಗುಣಕ್ಕೆ ವಿಶ್ವಾಸಾರ್ಹತೆಯೆಂದು ಹೆಸರು. ಇವೆರಡೂ ಬೇರೆ ಬೇರೆ. ಒಂದು ಸೇರಿಗೆ ಒಂದು ಛಟಾಕನ್ನು ಪ್ರತಿಸಲವೂ ತಪ್ಪದೆ ಕಡಮೆ ತೋರಿಸುವ ತಕ್ಕಡಿಯು ವಿಶ್ವಾಸಾರ್ಹವೇ ಸರಿ, ಸಪ್ರಮಾಣವಲ್ಲ.

ನಮ್ಮ ನಾಡಿನಲ್ಲಿ ಈ ವಿದ್ಯೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗವು 1924ರಲ್ಲಿ ಆರಂಭವಾಯಿತು. ಅದನ್ನು ಬೆಳೆಸಿದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಿನಲ್ಲಿ ಬಾನುಲಿ ನಿಲಯವನ್ನು ಸ್ಥಾಪಿಸಿದರೆಂಬುದು ಶ್ರೋತೃಗಳಿಗೆ ಸಂತೋಷವನ್ನುಂಟುಮಾಡುವ ಸಂಗತಿ.

ಇನ್ನು ವಾಡಿಗೆ ಬರೋಣ. ಮುಂಬಯಿಯಿಂದ ಮದರಾಸಿನ ಕಡೆಗೆ ಹೋಗುವ ಹಳಿಯಿಂದ ಸಿಕಂದರಾಬಾದಿನ ಹಳಿಯು ಇಲ್ಲಿ ಕವಲೊಡೆಯುತ್ತದೆ. ನಿಜಾಮ ಸಂಸ್ಥಾನದವರು 1874ರಲ್ಲಿ ತೆರೆದ ಈ ಕವಲಿನಲ್ಲಿಯೇ ಚಿತ್ತಾಪುರವೂ ಸೇಡಮ್ಮೂ ಇರುವುವು. ಇಂದು ರೈಲು ಎಂಜಿನ್ನು ನಡೆಸುವ ಹುದ್ದೆಗೆ ಬರುವವರನ್ನು ನೆನಪು, ಗಮನ, ಗ್ರಹಣವೇಗ ಮೊದಲಾದ ಮನಃಪರೀಕ್ಷೆಗಳಿಗೆ ಗುರಿಪಡಿಸುವರು. ಇಂಥ ಪರೀಕ್ಷೆ ಸರಿಯೆಂದು ತಿಳಿಯುವ ಬಗೆ ಯಾವುದು? ಪರೀಕ್ಷೆಯಲ್ಲಿ ಮುಂದಾದವನು ಕೆಲಸದಲ್ಲಿಯೂ ಮುಂದಾದನೇ ಎಂದು ವರ್ಷಗಟ್ಟಲೆ ನೋಡಬೇಕು. ಅಪಘಾತಗಳನ್ನು ಎಣಿಸಿದರಾಯಿತೆಂದು ತೋರಬಹುದು. ಆದರೆ ಅಪಘಾತಗಳು ಅಪರೂಪ. ಸಿಗ್ನಲುಗಳು ದಟ್ಟವಾಗಿರುವ ಕೂಡುನಿಲ್ದಾಣದಲ್ಲಿ ರಾತ್ರಿಯೆಲ್ಲ ಗಾಡಿ ನಡೆಸುವವನಿಗೂ ಬಯಲುಹಳಿಯಲ್ಲಿ ಹಗಲು ನಡೆಸುವವನಿಗೂ ಅಪಾಯ ಸಮನಲ್ಲ. ಪರೀಕ್ಷೆಯಲ್ಲಿ ಸೋತವರು ಎಂಜಿನ್ನನ್ನು ಹತ್ತುವುದೇ ಇಲ್ಲವಾದುದರಿಂದ, ಅವರು ಹೇಗೆ ನಡೆಸುತ್ತಿದ್ದರೆಂಬುದು ಎಂದಿಗೂ ಕಾಣದು.

ಕಾಣದೆ ಹೋಗುವವರ ಮಾತು ಚಿಂಚೋಳಿಯಲ್ಲಿ ಇನ್ನೂ ಸ್ಪಷ್ಟವಾಗುವುದು. ಆ ಸೀಮೆಯ ತಾಂಡಾಗಳಿಂದ ಅನೇಕರು ಕೂಲಿಗಾಗಿ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗುತ್ತಾರೆ. ಒಂದು ಕಾರ್ಖಾನೆಯಲ್ಲಿ ಇಂದು ಹಾಜರಿರುವವರನ್ನು ಮಾತ್ರ ಕೇಳಿ, “ಕೆಲಸಗಾರರು ಸಂತುಷ್ಟರು” ಎಂದು ಬರೆದರೆ ಹೇಗೆ? ಅಸಂತುಷ್ಟನು ಹಿಂದಿನ ತಿಂಗಳೇ ಗಂಟುಮೂಟೆ ಕಟ್ಟಿರಬಹುದು. ಬಿಟ್ಟುಹೋದವರನ್ನು ಹುಡುಕಿ ಕೇಳುವುದು ಕಷ್ಟವೇ ಸರಿ. ಆದರೆ ಸತ್ಯವು ಬಹಳಮಟ್ಟಿಗೆ ಅವರ ಬಳಿಯಲ್ಲಿಯೇ ಇರುವುದು.

ಕೇಳುವ ಮಾತೂ ಒಂದು ಅಳತೆಗೋಲೇ. ಅಮೆರಿಕೆಯ ಲೈಕರ್ಟ್ ಎಂಬವರು 1932ರಲ್ಲಿ ಒಂದು ಕ್ರಮವನ್ನು ಪ್ರಕಟಿಸಿದರು: ಒಂದು ಹೇಳಿಕೆಯನ್ನು ಮುಂದಿಟ್ಟು, ಪೂರ್ಣ ಸಮ್ಮತಿಯಿಂದ ಪೂರ್ಣ ಅಸಮ್ಮತಿಯವರೆಗೆ ಐದು ಮೆಟ್ಟಿಲುಗಳಲ್ಲಿ ಒಂದನ್ನು ಆರಿಸಿಕೊಳ್ಳಹೇಳುವುದು. ಆದರೆ ಈ ಸೀಮೆಯಲ್ಲಿ ಕನ್ನಡ, ಉರ್ದು, ತೆಲುಗು, ಮರಾಠಿ, ಲಂಬಾಣಿಗಳು ಕೂಡಿ ಬದುಕುತ್ತಿರುವುವು. “ಹ್ಯಾಂಗೋ ನಡದದ ರೀ” ಎಂಬ ಉತ್ತರವನ್ನು ಯಾವ ಮೆಟ್ಟಿಲಿನ ಮೇಲೆ ಕೂಡಿಸೋಣ? ಅದು ತೃಪ್ತಿಯಾಗಿರಬಹುದು, ನಿರಾಶೆಯಾಗಿರಬಹುದು, ಅಥವಾ ಪಕ್ಕದಲ್ಲಿ ಮೇಸ್ತ್ರಿ ನಿಂತಿರುವನೆಂಬ ಎಚ್ಚರವೂ ಆಗಿರಬಹುದು. ಆದುದರಿಂದ ಪ್ರಶ್ನೆಯನ್ನು ಒಬ್ಬರು ಭಾಷಾಂತರಿಸಿದ ಮೇಲೆ, ಮೂಲವನ್ನು ನೋಡದ ಮತ್ತೊಬ್ಬರಿಂದ ಹಿಂದಕ್ಕೆ ಭಾಷಾಂತರಿಸಿ ಹೋಲಿಸುವರು. ಉತ್ತರ ಕೊಟ್ಟವನ ಹೆಸರು ಮೇಲಧಿಕಾರಿಗೆ ತಿಳಿಯದಂತೆಯೂ ನೋಡಿಕೊಳ್ಳಬೇಕು.

ದೊಡ್ಡ ಸಂಶೋಧಕರೂ ಎಡವಿದ್ದುಂಟು. ಅಮೆರಿಕೆಯ ಶಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ ಬೆಳಕಿನ ಪ್ರಯೋಗಗಳು ನಡೆದುವು. ಬೆಳಕನ್ನು ಹೆಚ್ಚಿಸಿದರೂ ತಗ್ಗಿಸಿದರೂ ಉತ್ಪನ್ನ ಹೆಚ್ಚಿತು, ತಮ್ಮನ್ನು ಗಮನಿಸುತ್ತಿರುವರೆಂಬ ಭಾವವೇ ಇದಕ್ಕೆ ಕಾರಣ ಎಂಬ ಕಥೆ ಪಠ್ಯಪುಸ್ತಕಗಳಲ್ಲೆಲ್ಲ ಹಬ್ಬಿತು. ಕಳೆದುಹೋದುವೆಂದು ತಿಳಿದಿದ್ದ ಮೂಲ ಅಂಕಿಗಳು ದೊರೆತು, ಅವುಗಳ ಮರುಪರಿಶೀಲನೆ 2011ರಲ್ಲಿ ಪ್ರಕಟವಾದಾಗ, ಆ ಕಥೆಗೆ ಆಧಾರವು ಬಹಳ ದುರ್ಬಲವೆಂದು ಕಂಡಿತು. 1927ರಲ್ಲಿ ಅಲ್ಲಿಯೇ ಐವರು ಹೆಂಗಸರನ್ನು ಬೇರೆ ಕೋಣೆಯಲ್ಲಿರಿಸಿ ಆರಂಭಿಸಿದ ಪ್ರಯೋಗದಲ್ಲಿ, ವಿರಾಮದ ವೇಳೆಯೊಂದಿಗೆ ಕೂಲಿಯ ಕ್ರಮವೂ ಬದಲಾಗಿದ್ದಿತು. ನಡುವೆ ಇಬ್ಬರನ್ನು ತೆಗೆದು ಬೇರೆ ಇಬ್ಬರನ್ನು ಸೇರಿಸಿದ್ದರು. ಹಲವು ಕಾರಣಗಳು ಒಟ್ಟಿಗೆ ಬದಲಾದಾಗ ಫಲವನ್ನು ಒಂದಕ್ಕೇ ಆರೋಪಿಸಲಾಗದು. ಇತರ ವಿಷಯಗಳಲ್ಲೆಲ್ಲ ಸಮನಾಗಿದ್ದು, ಬದಲಾವಣೆಯನ್ನು ಮಾತ್ರ ಪಡೆಯದ ಇನ್ನೊಂದು ಗುಂಪನ್ನು ಹೋಲಿಕೆಗೆ ಇಟ್ಟುಕೊಳ್ಳತಕ್ಕದ್ದೆಂಬ ನಿಯಮವು ಇದರಿಂದಲೇ ಸ್ಪಷ್ಟವಾಗುವುದು.

ಇಷ್ಟೆಲ್ಲ ತೊಡಕಿದ್ದರೆ ಅಳೆಯುವುದನ್ನೇ ಬಿಡೋಣವೇ? ಹಾಗಲ್ಲ. ಅಳತೆಯಿಲ್ಲದ ಕಡೆ ಮೇಸ್ತ್ರಿಯ ಮನಸ್ಸೇ ತಕ್ಕಡಿಯಾಗುವುದು. ಬಂಧುಪ್ರೀತಿಯೂ ಜಾತಿಯೂ ಆಗ ತೂಕದ ಕಲ್ಲುಗಳು. ಅದಕ್ಕಿಂತ ದೋಷವುಳ್ಳ ಅಳತೆಯೂ ಮೇಲು, ಅದರ ದೋಷವನ್ನು ಅರಿತಿದ್ದರೆ. ಆದುದರಿಂದ ಕೆಲಸಗಾರರನ್ನು ಕುರಿತ ಯಾವ ಅಂಕಿಯನ್ನು ಕಂಡರೂ ತಾವು ಮೂರು ಪ್ರಶ್ನೆಗಳನ್ನು ಹಾಕಬೇಕೆಂದು ನನ್ನ ಬಿನ್ನಹ: ಅಳೆದದ್ದು ಮನುಷ್ಯನನ್ನೋ, ಅವನ ಸನ್ನಿವೇಶವನ್ನೋ? ಲೆಕ್ಕಕ್ಕೆ ಬಾರದೆ ಉಳಿದವರು ಯಾರು? ಯಾವುದರೊಂದಿಗೆ ಹೋಲಿಸಿದ್ದಾರೆ? ಈ ಮೂರಕ್ಕೂ ಉತ್ತರ ದೊರೆತ ಮೇಲೆಯೇ ಒಬ್ಬನ ಹೆಸರನ್ನು ಪಟ್ಟಿಯಿಂದ ಹೊಡೆಯುವ ಅಧಿಕಾರ ಯಾರಿಗಾದರೂ ಬರತಕ್ಕದ್ದು.