ತಾಮ್ರಕ್ಕಿಳಿದ ಮರದ ನೆರಳು

ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಪಾರ್ಕಿನಲ್ಲಿರುವ ಡಿ ಯಂಗ್ ಮ್ಯೂಸಿಯಮ್ಮಿನ ಗೋಡೆಗೆ ತೀರಾ ಹತ್ತಿರ ನಿಂತರೆ ಕಾಣುವುದು ತಾಮ್ರದ ತಗಡು, ಅದರ ತುಂಬ ತೂತು, ಉಬ್ಬು, ತಗ್ಗು. ದೂರ ಸರಿದಂತೆ ಅವೇ ತೂತುಗಳು ಎಲೆಗಳ ಸಂದಿಯಿಂದ ಇಳಿಯುವ ಬಿಸಿಲಾಗುತ್ತವೆ. ಸ್ವಿಟ್ಜರ್ಲೆಂಡಿನ ವಾಸ್ತುಶಿಲ್ಪಿಗಳಾದ ಹೆರ್ಟ್ಸೋಗ್ ಮತ್ತು ಡಿ ಮ್ಯೂರೊನ್ ಮರಗಳ ಫೋಟೋವನ್ನೇ ಗೋಡೆಗೆ ಇಳಿಸಿದ್ದಾರೆ. 2005ರಲ್ಲಿ ಬಾಗಿಲು ತೆರೆದ ಈ ಕಟ್ಟಡದ ಹೊದಿಕೆಯಲ್ಲಿ 7,000ಕ್ಕೂ ಹೆಚ್ಚು ಫಲಕಗಳಿವೆ. ಅವನ್ನು ತಯಾರಿಸಿದ್ದು ಕ್ಯಾನ್ಸಸ್ ಸಿಟಿಯ ಝಾನರ್ ಕಂಪನಿ.

ಇಷ್ಟು ಫಲಕಗಳ ತೂತುಗಳನ್ನು ಯಾರೂ ಕೂತು ಒಂದೊಂದಾಗಿ ಬರೆಯಲಾರರು. ಆದರೆ ಡಿಜಿಟಲ್ ಫೋಟೋ ಎಂದರೆ ಕಂಪ್ಯೂಟರಿನ ಮಟ್ಟಿಗೆ ಅಂಕಿಗಳ ಕೋಷ್ಟಕ, ಅಷ್ಟೆ. ಅಂಕಿ ಸಿಕ್ಕಿತೆಂದರೆ ಅದನ್ನು ತೂತಿನ ಅಗಲವಾಗಿ ಓದಿಕೊಳ್ಳಬಹುದು.

ಈ ಕೆಲಸವನ್ನು ವಿದ್ಯಾರ್ಥಿಗಳ ಲ್ಯಾಪ್‌ಟಾಪಿಗೂ ತಂದದ್ದು ಗ್ರಾಸ್‌ಹಾಪರ್. ರೈನೊ ಎಂಬ ಮೂರು ಆಯಾಮದ ವಿನ್ಯಾಸ ತಂತ್ರಾಂಶಕ್ಕಾಗಿ ಡೇವಿಡ್ ರಟನ್ 2007ರಲ್ಲಿ ಇದನ್ನು ಹೊರತಂದರು. ಇಲ್ಲಿ ಸಾಲು ಸಾಲು ಕೋಡ್ ಬರೆಯಬೇಕಿಲ್ಲ. ಪರದೆಯ ಮೇಲೆ ಡಬ್ಬಿಗಳನ್ನಿಟ್ಟು ತಂತಿ ಎಳೆದರಾಯಿತು. ಒಂದು ಡಬ್ಬಿ ಬಾಗಿದ ಮೈಯನ್ನು, ಉದಾಹರಣೆಗೆ 40 ಅಡ್ಡ, 25 ಉದ್ದದ ಮನೆಗಳಾಗಿ ಕೊಯ್ಯುತ್ತದೆ. ಪ್ರತಿ ಮನೆಯ ನಡುಬಿಂದುವಿಗೂ 0ರಿಂದ 1ರೊಳಗಿನ ಎರಡು ವಿಳಾಸಗಳು, ಯು ಮತ್ತು ವಿ. ಇವನ್ನು ಇಮೇಜ್ ಸ್ಯಾಂಪ್ಲರ್ ಎಂಬ ಡಬ್ಬಿಗೆ ಉಣಿಸಿದರೆ ಫೋಟೋದ ಆ ಜಾಗದ ಹೊಳಪು ಎಷ್ಟೆಂದು ಹೇಳುತ್ತದೆ: ಕಡುಗಪ್ಪಿಗೆ 0, ಅಚ್ಚ ಬಿಳಿಗೆ 1. ಇನ್ನೊಂದು ಡಬ್ಬಿ ಅದನ್ನು 3ರಿಂದ 12 ಮಿಲಿಮೀಟರಿಗೆ ಹಿಗ್ಗಿಸಿದರೆ ಸಾವಿರ ತೂತುಗಳ ಅಳತೆ ಸಿದ್ಧ. ಫೋಟೋ ಬದಲಿಸಿದರೆ ಸಾವಿರವೂ ಬದಲಾಗುತ್ತವೆ.

ತೊಡಕು ಶುರುವಾಗುವುದು ಆಮೇಲೆ. ಯು, ವಿ ಎಂಬುವು ಮೀಟರ್ ಅಲ್ಲ. ಒಂದು ಕಡೆ ಅಗಲವಾಗಿ ಇನ್ನೊಂದು ಕಡೆ ಕಿರಿದಾದ ಮೈಯ ಮೇಲೆ ಇಳಿಸಿದ ಮುಖದ ಹಣೆ ಹಿಗ್ಗಿ ಗಲ್ಲ ಸೊರಗುತ್ತದೆ. ವಿಳಾಸ ನೆಚ್ಚದೆ, ಮೈ ಮೇಲಿನ ನಿಜವಾದ ಉದ್ದವನ್ನು ಅಳೆದು ಬಿಂದುಗಳನ್ನು ಹಂಚುವುದು ಇದಕ್ಕೆ ಮದ್ದು. ತಗಡಿಗೂ ತನ್ನದೇ ಹಟವಿದೆ: ಪಂಚಿಂಗ್‌ನಲ್ಲಿ ತೂತಿನ ವ್ಯಾಸ ತಗಡಿನ ದಪ್ಪಕ್ಕಿಂತ ಕಡಿಮೆ ಇರಬಾರದೆಂಬುದು ಕಸುಬಿನ ಕಟ್ಟಳೆ, ತೂತುಗಳ ನಡುವೆ ಸಾಕಷ್ಟು ಲೋಹ ಉಳಿಯದಿದ್ದರೆ ಫಲಕ ಬಳುಕುತ್ತದೆ. ಇನ್ನೂ ಒಂದು ಚೇಷ್ಟೆ: ಹಗಲಲ್ಲಿ ತೂತು ಕಪ್ಪಾಗಿ ಕಾಣುತ್ತದೆ, ರಾತ್ರಿ ಒಳಗೆ ದೀಪ ಹಚ್ಚಿದರೆ ಅದೇ ಬೆಳಗುತ್ತದೆ. ಹಗಲಿನ ಚಿತ್ರ ರಾತ್ರಿಗೆ ನೆಗೆಟಿವ್. ಯಾವ ಹೊತ್ತಿನ ನೋಡುಗರಿಗಾಗಿ ಕೊರೆಯುತ್ತಿದ್ದೇವೆಂದು ಮೊದಲೇ ತೀರ್ಮಾನಿಸದವರು ಫಜೀತಿಗೆ ಬೀಳುತ್ತಾರೆ.

ಅಂಕಿ ತೂತೇ ಆಗಬೇಕೆಂದಿಲ್ಲ. ಸ್ವಿಟ್ಜರ್ಲೆಂಡಿನ ಫ್ಲೆಶ್ ಊರಿನ ಗಾಂಟೆನ್‌ಬೈನ್ ದ್ರಾಕ್ಷಾರಸ ತಯಾರಿಕಾ ಮನೆಗೆ 2006ರಲ್ಲಿ ವಾಸ್ತುಶಿಲ್ಪಿಗಳಾದ ಗ್ರಮಾಜಿಯೊ ಮತ್ತು ಕೋಲರ್ ಸುಮಾರು 20,000 ಇಟ್ಟಿಗೆಗಳ ಗೋಡೆ ಕಟ್ಟಿಸಿದರು. ಜೋಡಿಸಿದ್ದು ರೋಬಾಟ್. ಪ್ರತಿ ಇಟ್ಟಿಗೆ ತುಸು ಬೇರೆ ಕೋನಕ್ಕೆ ತಿರುಗಿದೆ, ಬಿಸಿಲನ್ನು ಬೇರೆಯಾಗಿ ಎಸೆಯುತ್ತದೆ. ದೂರದಿಂದ ನೋಡಿದರೆ ಬುಟ್ಟಿ ತುಂಬ ದಪ್ಪ ದಪ್ಪ ದ್ರಾಕ್ಷಿ. ತಗಡಿನ ತೂತಿಗಿಂತ ಇದು ಜಾಣ ಉಪಾಯವೆನ್ನಬೇಕು: ಬಿಸಿಲು ಸರಿದಂತೆ ಚಿತ್ರವೂ ಮಿಸುಕುತ್ತದೆ.

ಹಾಗಾದರೆ ಚಿತ್ರಕ್ಕೆ ಎಷ್ಟು ಬಿಂದು ಬೇಕು? ಎಣಿಸಿದ್ದಕ್ಕಿಂತ ಕಡಿಮೆ. ಮೆಲ್ಬರ್ನಿನ ಸ್ವಾನ್‌ಸ್ಟನ್ ಸ್ಕ್ವೇರ್ ಅಪಾರ್ಟ್‌ಮೆಂಟ್ ಗೋಪುರದ ಮೇಲೆ 2015ರಿಂದ ವುರುಂಡ್ಜೆರಿ ಎಂಬ ಮೂಲನಿವಾಸಿ ಜನರ ಹಿರಿಯ ವಿಲಿಯಮ್ ಬರಾಕ್ ಅವರ ಮುಖವಿದೆ. ಎಆರ್‌ಎಂ ವಾಸ್ತುಶಿಲ್ಪಿಗಳು ಅದನ್ನು ಮೂಡಿಸಿದ್ದು ಬಾಲ್ಕನಿಗಳ ಬಿಳಿ ಫಲಕಗಳ ಅಂಕುಡೊಂಕಿನಿಂದ. ಮೇಲಿಂದ ಕೆಳಕ್ಕೆ ಅಂತಸ್ತಿಗೊಂದು ಗೆರೆಯಂತೆ ಲೆಕ್ಕ ಹಾಕಿದರೂ ಮೂವತ್ತರ ಆಸುಪಾಸು. ಅಷ್ಟರಲ್ಲೇ ಕಣ್ಣು, ಮೂಗು, ಗಡ್ಡ ಗುರುತು ಸಿಗುತ್ತವೆ, ನೋಡುಗರು ಬುಡದಲ್ಲಿ ನಿಲ್ಲದೆ ದೂರದ ಬೀದಿಯಲ್ಲಿ ನಿಂತಿದ್ದರೆ ಮಾತ್ರ.